ಕಂಡಕ್ಟರನ ಹೊಟ್ಟೆಕಿಚ್ಚು ಮತ್ತು ಒಂದು ಟ್ಯೂಬು

ಬಸ್ಸು ತುಂಬಿದ ಜನರನ್ನು ಒಂದೇ ಗದರಿಕೆಗೆ ಒಳಗೆ ಸರಿಸುವ ಕಂಡಕ್ಟರನ ಮಾತಿಗೆ ಮನೆಯಲ್ಲಿ ಮೂರು ಕಾಸಿನ ಬೆಲೆಯಿರಲಿಲ್ಲ. ಮಗಳು ಪುಟ್ಟಿ ಅಮ್ಮನ ಬಾಲ. ಊಟಕ್ಕೆ, ಜಡೆಗೆ, ಕಥೆಗೆ, ಎಲ್ಲಕ್ಕೂ ಅಮ್ಮನೇ ಬೇಕು. ಆದರೆ ಹುಟ್ಟಿನಿಂದ ಬಂದ ಕಾಯಿಲೆಗೆ ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ರಕ್ತ ಹಾಕಿಸುವ ದಿನ ಮಾತ್ರ ಅವಳು ಅಪ್ಪನ ಸ್ವತ್ತು. ಸೂಜಿ ಕಂಡರೆ ಅಮ್ಮನಿಗೆ ತಲೆ ಸುತ್ತುತ್ತಿತ್ತು. ಒಳಗೆ ಹೋಗುವವನು ಅವನೇ. ಪುಟ್ಟಿ ಅವನ ಮಣಿಕಟ್ಟಿಗೆ ಉಗುರು ನೆಟ್ಟು ಕಿರುಚುವಳು. ಆ ಗುರುತನ್ನು ಮರುದಿನ ಡ್ರೈವರನಿಗೆ ತೋರಿಸಿ, "ನೋಡಯ್ಯಾ, ನನ್ ಮಗಳು ಒತ್ತಿದ ಮೊಹರು" ಎನ್ನುತ್ತಿದ್ದ.

ಆಮೇಲೆ ಹೊಸ ನರ್ಸಮ್ಮ ಬಂದರು, ಒಂದು ಟ್ಯೂಬು ಕೊಟ್ಟರು. "ಸೂಜಿ ಚುಚ್ಚೋ ಜಾಗಕ್ಕೆ ಒಂದು ಗಂಟೆ ಮುಂಚೆ ಮನೇಲೇ ಹಚ್ಚಿ, ಮೇಲೆ ಈ ಪ್ಲಾಸ್ಟಿಕ್ ಅಂಟಿಸಿ. ಚರ್ಮ ಮರಗಟ್ಟುತ್ತೆ, ಮಗೂಗೆ ನೋವೇ ಗೊತ್ತಾಗಲ್ಲ."

ಗೊತ್ತಾಗಲಿಲ್ಲ ನಿಜ. ಸೂಜಿ ಇಳಿಯುವಾಗ ಪುಟ್ಟಿ ನರ್ಸಮ್ಮನ ಜೊತೆ ಹರಟುತ್ತಿದ್ದಳು. "ಅಪ್ಪಾ, ನೀನು ಬೇಕಾದ್ರೆ ಹೊರಗೆ ಕೂತ್ಕೋ" ಎಂದಳು.

ಕುಣಿದಾಡಬೇಕಿದ್ದ ತಂದೆಯ ಹೊಟ್ಟೆಗೆ ಬೆಂಕಿ ಬಿತ್ತು. ಸವತಿ ಮತ್ಸರ ಹೆಂಗಸರಿಗೆ ಮಾತ್ರ ಎಂದವರು ಇವನನ್ನು ನೋಡಿರಲಿಕ್ಕಿಲ್ಲ. ಈ ಪುಣ್ಯಾತ್ಮ ಹೆಬ್ಬೆರಳು ಗಾತ್ರದ ಟ್ಯೂಬಿನ ಮೇಲೆ ಮತ್ಸರಪಟ್ಟ. ತಿಂಗಳಿಗೆ ಒಂದು ದಿನ ಸಿಗುತ್ತಿದ್ದ ಮಗಳನ್ನೂ ಅದು ಕಿತ್ತುಕೊಂಡಿತಲ್ಲ!

ಮುಂದಿನ ಸಲ ಹೊರಡುವ ಮುಂಚೆ ಹೆಂಡತಿ ಅಡುಗೆಮನೆಯಿಂದ ಕೂಗಿದಳು: "ರೀ, ಪುಟ್ಟಿಗೆ ಕ್ರೀಮ್ ಹಚ್ಚಿಬಿಡಿ."

ಕಪಾಟಿನಲ್ಲಿ ಟ್ಯೂಬಿನ ಪಕ್ಕದಲ್ಲೇ ಹೆಂಡತಿ ಮುಖಕ್ಕೆ ಹಚ್ಚುವ ಕೋಲ್ಡ್ ಕ್ರೀಮ್ ಇತ್ತು. ಅದೂ ಬೆಳ್ಳಗೆ, ಇದೂ ಬೆಳ್ಳಗೆ. ಇದೊಂದೇ ಸಲ ಎಂದುಕೊಂಡು ಅವನು ಕೋಲ್ಡ್ ಕ್ರೀಮನ್ನೇ ಸವರಿ, ಮೇಲೆ ಪ್ಲಾಸ್ಟಿಕ್ಕನ್ನು ನೀಟಾಗಿ ಅಂಟಿಸಿದ.

ನೋವಾಗುವುದಿಲ್ಲ ಎಂದು ನಂಬಿ ಪುಟ್ಟಿ ನಗುನಗುತ್ತಲೇ ಕೈ ಚಾಚಿದಳು. ಸೂಜಿ ಇಳಿದದ್ದೇ ತಡ, ಕಿಟಾರನೆ ಕಿರುಚಿ ಅಪ್ಪನ ಕೈಗೆ ಜೋತುಬಿದ್ದಳು. ಬಯಸಿದ್ದು ಸಿಕ್ಕಿತ್ತು. ಅವನು ಮಾತ್ರ ಅವಳ ಮುಖ ನೋಡಲಾರದೆ ಗೋಡೆಯತ್ತ ತಿರುಗಿದ.

ನರ್ಸಮ್ಮ ಹುಬ್ಬುಗಂಟಿಕ್ಕಿ ಅವನತ್ತ ತಿರುಗಿದರು. "ಯಾಕೆ ಹೀಗಾಯ್ತು? ಸರಿಯಾಗಿ ಹಚ್ಚಿದ್ರಾ?"

ಅವನು ಬಾಯಿ ತೆರೆಯುವ ಮೊದಲೇ ಪುಟ್ಟಿ ಬಿಕ್ಕುತ್ತ ಅಪ್ಪನ ಪರ ನಿಂತಳು.

"ನಮ್ಮಪ್ಪನ್ನ ಬೈಬೇಡಿ. ಅವರು ಚೆನ್ನಾಗೇ ಹಚ್ಚಿದ್ದಾರೆ. ನನ್ ಕೈಯೇ ಸರಿ ಇಲ್ಲ."