ಮೂರು ವರದಿ, ಒಂದೇ ಕೈ

ಪೀಣ್ಯದ ನಮ್ಮ ಲೇತ್ ಶಾಪಿನಲ್ಲಿ ಒಂದು ರೂಢಿಯಿದೆ. ಪಾಳಿ ಮುಗಿಸಿದವನು ಮುಂದೆ ಬರುವವನಿಗಾಗಿ ಟೂಲ್ ಮಸೆದಿಟ್ಟು, ಮುಂದಿನ ಜಾಬನ್ನು ಮೆಶಿನ್ನಿಗೆ ಕಟ್ಟಿಟ್ಟೇ ಹೋಗುತ್ತಾನೆ. ಅದರಲ್ಲಿ ಕೇಳುವುದು, ಹೇಳುವುದು ಏನೂ ಇಲ್ಲ. ಮಾದನಾಯಕನಹಳ್ಳಿಯ ಬಾಡಿಗೆ ರೂಮಿಗೂ ಶಾಪಿನ ನಾವು ಮೂವರು ಗೆಳೆಯರು ಇದೇ ರೂಢಿಯನ್ನು ತಂದಿದ್ದೆವು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ದುಡಿಮೆಯಲ್ಲಿ ಮಾತ್ರ ಯಾರಿಗೂ ಕಮ್ಮಿಯಿಲ್ಲ.

ಬೌಂಟಿ ಎಂಬ ಆನ್‌ಲೈನ್ ಕೆಲಸವನ್ನು ರೂಮಿಗೆ ತಂದವನು ನಮ್ಮಲ್ಲೊಬ್ಬ, ಬಾಗಲಕೋಟೆ ಕಡೆಯವನು. ಹೊಸ ಕ್ರಿಪ್ಟೋ ನಾಣ್ಯ ಹೊರಡಿಸುವವರ ಪೋಸ್ಟುಗಳನ್ನು ನಮ್ಮ ಖಾತೆಗಳಿಂದ ಹಂಚಬೇಕು. ಹಂಚಿದ್ದರ ಲಿಂಕುಗಳನ್ನೆಲ್ಲ ವಾರಕ್ಕೊಮ್ಮೆ ಅವರ ಪುಟದಲ್ಲಿ ವರದಿಯಾಗಿ ಹಾಕಬೇಕು. ಒಪ್ಪಿಗೆಯಾದರೆ ಅದೇ ನಾಣ್ಯ ಕೊಡುತ್ತಾರೆ.

ಮೊದಲ ವರದಿ ಹಾಕಿದ ದಿನ ಪುಟವನ್ನು ಮೇಲೆ ಕೆಳಗೆ ಸರಿಸಿ ನೋಡಿದೆ. ನನ್ನ ಮೇಲೊಬ್ಬ ನೈಜೀರಿಯಾದವನು, ಕೆಳಗೊಬ್ಬಳು ಇಂಡೋನೇಷ್ಯಾದವಳು. ಎಣ್ಣೆಗೈಯಲ್ಲಿ ನಾನು ಒತ್ತಿದ್ದು ಅವರ ನಡುವೆ ಹೋಗಿ ಕೂತಿತ್ತು. ಮೈ ಜುಮ್ಮೆಂದಿತು.

ಭಾನುವಾರ ರೂಮಿನಲ್ಲಿ ಇದ್ದವನು ಮೂವರ ವರದಿಯನ್ನೂ ಹಾಕಿಬಿಡುತ್ತಿದ್ದ. ಹೆಚ್ಚಾಗಿ ಅದು ನನ್ನ ಪಾಲಿಗೇ ಬರುತ್ತಿತ್ತು. ಹೀಗಿರುವಾಗ ಒಂದು ವಾರ ನಮ್ಮ ಮೂರೂ ಖಾತೆಗಳ ಮುಂದೆ ಬೌಂಟಿ ನಡೆಸುವ ಮ್ಯಾನೇಜರನ ಷರಾ ಬಂತು: ‘ಮೂರೂ ಒಬ್ಬನದೇ. ರದ್ದು.’

ಬಾಗಲಕೋಟೆಯವನು ಬಿದ್ದು ಬಿದ್ದು ನಕ್ಕ. “ಏ ದೋಸ್ತ, ನಾವು ಮೂರು ಮಂದಿ ಅಲ್ಲಂತೋ! ನಿನ್ನ ಗೊರಕಿ ಕೇಳಿದ್ರ ನಾಕು ಮಂದಿ ಅಂತಿದ್ದ.”

ಇನ್ನೊಬ್ಬ ಶಿರಾ ಕಡೆಯವನು. “ಅತ್ಲಾಗೆ ಬುಟ್ಟಾಕು ಕಣೋ. ಇಂಥವು ಬೇಕಾದಷ್ಟವೆ, ಬ್ಯಾರೆ ಕಡೆ ಸೇರ್ಕಳಾಣ.”

“ಬಿಡೋ ಮಾತೇ ಇಲ್ಲ ಮಗಾ,” ಎಂದೆ. “ಇಷ್ಟು ದಿನ ಕತ್ತೆ ಥರ ದುಡಿದಿದೀವಿ. ಮೂರು ಜನಾನೂ ಇದೀವಿ ಅಂತ ಅವನ ಕೈಲೇ ಬರೆಸ್ತೀನಿ.”

ಮೊಬೈಲಿನಲ್ಲಿ ಕನ್ನಡದಲ್ಲೇ ಹೇಳಿ, ಅದು ಮಾಡಿಕೊಟ್ಟ ಇಂಗ್ಲಿಷನ್ನು ಮ್ಯಾನೇಜರನಿಗೆ ಕಳಿಸಿದೆ. ಉತ್ತರ ಬಂತು. ಮೂರು ವರದಿಗಳಲ್ಲೂ ಪ್ರತಿ ಸಾಲು ಮುಗಿದ ಮೇಲೆ ಎರಡು ಅಡ್ಡಗೆರೆಗಳಿವೆ, ಹೀಗೆ ಬೇರೆ ಯಾರೂ ಬರೆಯುವುದಿಲ್ಲ ಎಂದಿದ್ದ. ನಿಜವೇ. ಶಾಪಿನ ಬೋರ್ಡಿನ ಮೇಲೆ ಮುಗಿದ ಜಾಬಿಗೆ ನಾನು ಎಳೆಯುವ ಗೆರೆ ಅದು. ನನಗೇ ಅರಿವಿಲ್ಲದೆ ಬೆರಳಿಗೆ ಅಂಟಿಬಿಟ್ಟಿತ್ತು. ಯಾವ ದೇಶದಲ್ಲಿ ಕೂತಿದ್ದಾನೋ, ಮುಖ ನೋಡಿದವನಲ್ಲ, ಭಾಷೆ ತಿಳಿದವನಲ್ಲ. ಅಷ್ಟು ಜನರ ರಾಶಿಯಲ್ಲಿ ನನ್ನ ಕೈಯನ್ನು ಗುರುತು ಹಿಡಿದಿದ್ದ! ಸಿಟ್ಟೆಲ್ಲ ಇಳಿದು, ಆ ಗೆರೆಗಳನ್ನು ಹಿಗ್ಗಿಸಿ ನೋಡಿದೆ.

ಮೂವರೂ ಒಟ್ಟಿಗೆ ನಿಂತ ಫೋಟೋ ಕೇಳಿದ್ದ. ಬೆಳಗಿನ ಪಾಳಿ ಬದಲಾಗುವ ಹೊತ್ತಿಗೆ ಶಾಪಿನ ಗೇಟಿನ ಬಳಿ ಸೇರಿದೆವು. ಜಾಬಿಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಅವರವರ ಖಾತೆಯ ಹೆಸರನ್ನು ತಗಡಿನ ಚೂರಿನ ಮೇಲೆ ಬರೆದು ಎದೆಗೆ ಹಿಡಿದೆವು. ವಾಚ್‌ಮನ್ ಮೊಬೈಲು ಹಿಡಿದು, “ಏನಣ್ಣಾ, ಸ್ಟೇಷನ್‌ನಲ್ಲಿ ಕಳ್ಳರನ್ನ ನಿಲ್ಸಿದಂಗಿದೆ!” ಎಂದ. ನಗುತ್ತಿರುವಾಗಲೇ ಕ್ಲಿಕ್ಕಿಸಿದ.

ಮಾರನೆಯ ದಿನ ಮೂರು ಹೆಸರುಗಳ ಮುಂದೆಯೂ ಹಸಿರು ಗುರುತು ಬಿತ್ತು. ಕೆಳಗೊಂದು ಷರತ್ತು: ಇನ್ನು ಮುಂದೆ ಅವರವರ ವರದಿ ಅವರೇ ಬರೆಯಬೇಕು.

ಆ ಭಾನುವಾರ ಮೂವರೂ ರೂಮಿನ ಒಂದೊಂದು ಗೋಡೆಗೆ ಒರಗಿ ಕೂತೆವು. ನಾನು ಇಣುಕಿದ್ದಕ್ಕೆ ಬಾಗಲಕೋಟೆಯವನು ಮೊಬೈಲನ್ನು ಎದೆಗೆ ಅವುಚಿಕೊಂಡ.

“ಅತ್ತಾಗ ಸರಿ. ಮ್ಯಾನೇಜರ ನೋಡಾಕತ್ತಾನ.”