ಮೂರು ನೀರಲ್ಲಿ ತೊಳೆದ ಜೋಳ

ಈ ಮುಂಗಾರಿಗೆ ಜೋಳದ ಬೀಜದ ಪ್ಯಾಕೆಟ್ಟು ಕತ್ತರಿಸಿದಾಗ ಆ ವಾಸನೆ ಮೂಗಿಗೆ ಹೊಡೆಯಿತು. ಮುಖಕ್ಕೆ ಬಟ್ಟೆ ಕಟ್ಟಿದ್ದೆ, ಕೈಗೆ ರಬ್ಬರ್ ಗವಸು ಹಾಕಿದ್ದೆ, ಗಾಳಿಗೆ ಬೆನ್ನು ಕೊಟ್ಟು ಕೂತಿದ್ದೆ. ಆದರೂ ಬಂತು. ಹುಳದ ಔಷಧಿ, ಬೂಷ್ಟಿನ ಔಷಧಿ ಎರಡನ್ನೂ ಬಳಿದ ಕೆಂಪು ಬೀಜದ ವಾಸನೆ... ಅದು ಬಂದರೆ ನನಗೆ ತಮಿಳುನಾಡಿನ ಗಡಿಯೊಳಗಿರುವ ನಮ್ಮ ಗೆಟ್ಟವಾಡಿಯ ಹಿಟ್ಟಿನ ಮಿಲ್ಲು ನೆನಪಾಗುತ್ತದೆ. ಮಿಲ್ಲಿನ ಮಾವ ನೆನಪಾಗುತ್ತಾರೆ.

ಅವರು ನಮಗೆ ನೆಂಟರಲ್ಲ. ಊರಿನ ಸೊಸೆಯರೆಲ್ಲ ಅವರನ್ನು ಮಾವ ಎನ್ನುತ್ತಿದ್ದೆವು, ಅಷ್ಟೇ. ಸಣ್ಣ ಆಳು, ಹುಬ್ಬಿನ ಮೇಲೆ ಸದಾ ಹಿಟ್ಟು. ಯಾರು ಏನೇ ತಂದರೂ ಅವರು ನೇರವಾಗಿ ಮಿಲ್ಲಿಗೆ ಸುರಿಯುತ್ತಿರಲಿಲ್ಲ. ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ ತಳದ ಕಾಳು ತೆಗೆದು, ಬಾಗಿಲ ಬೆಳಕಿಗೆ ಹಿಡಿದು, ಮೂಸಿ ನೋಡುತ್ತಿದ್ದರು. ಹಾಗೆ ಮೂಸುತ್ತಲೇ ಒಂದೊಂದು ಹಿಡಿ ತಮ್ಮ ಡಬ್ಬಕ್ಕೆ ಹಾಕಿಕೊಳ್ಳುತ್ತಾರೆ ಎಂದು ಊರಲ್ಲಿ ಮಾತಿತ್ತು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಹೇಳಿಕಳಿಸಿದ ಮೊದಲ ಬುದ್ಧಿಮಾತೇ ಅದು. "ಕಣ್ಣ ಅವ್ನ ಕೈ ಮ್ಯಾಲೇ ಮಡ್ಗಿರು ಕಣವ್ವ." ನಾನು ಮಡಗಿದೆ. ಒಂದು ದಿನವೂ ಅವರು ಕದ್ದದ್ದನ್ನು ಕಾಣಲಿಲ್ಲ. ಕಾಣದೆ ಹೋದದ್ದರಿಂದ ಅನುಮಾನ ಕಡಿಮೆಯಾಗಲಿಲ್ಲ, ಬಲು ಚಾಲಾಕಿ ಇರಬೇಕು ಎಂದುಕೊಂಡೆ.

ಮಗಳಿಗೆ ಎರಡು ವರ್ಷ ತುಂಬಿದ ವರ್ಷ. ಮೇಲಿನ ಹೊಲಕ್ಕೆ ಮಳೆ ಕೈಕೊಟ್ಟು, ತಂದಿದ್ದ ಬೀಜದಲ್ಲಿ ಅರ್ಧದಷ್ಟು ಬಿತ್ತದೆ ಉಳಿಯಿತು. ಪ್ಯಾಕೆಟ್ಟಿನ ಮೇಲೆ ಇದ್ದದ್ದೆಲ್ಲ ತಮಿಳು, ಇಂಗ್ಲಿಷು. ನಾನು ಓದಿದ್ದು ಕನ್ನಡ ಶಾಲೆ. ಆದರೆ ತಲೆಬುರುಡೆಯ ಚಿತ್ರ ಓದಲು ಯಾವ ಶಾಲೆಯೂ ಬೇಕಿಲ್ಲ... ನೋಡಿದ್ದೆ. ಅತ್ತೆ, "ಬಣ್ಣ ಓಯ್ತು ಅಂದ್ರೆ ಇಸವೂ ಓಯ್ತದೆ," ಎಂದರು. ಇಬ್ಬರೂ ಸೇರಿ ಮೂರು ನೀರಲ್ಲಿ ತಿಕ್ಕಿ ತೊಳೆದೆವು. ಮೂರನೆಯ ನೀರು ತಿಳಿಯಾಯಿತು. ತಾರಸಿಯ ಮೇಲೆ ಒಣಗಿಸಿ, ಮನೆಯ ಜೋಳದ ಜೊತೆ ಬೆರೆಸಿ, ಅತ್ತೆ ಚೀಲದ ಬಾಯಿಯನ್ನು ಹಸಿರು ಹಗ್ಗದಲ್ಲಿ ಬಿಗಿದು ಕೊಟ್ಟರು. ಹಸು ಆಗಷ್ಟೇ ಈದಿತ್ತು, ಅದಕ್ಕೆ ಗಂಜಿ ಕಾಯಿಸಲು ಹಿಟ್ಟು ಬೇಕಿತ್ತು. ಅದರ ಹಾಲು ಕುಡಿಯುತ್ತಿದ್ದವಳು ನನ್ನ ಮಗಳು.

ಮಿಲ್ಲಿನ ಮಾವ ಹಗ್ಗ ಬಿಚ್ಚಿ ಕೈ ಇಳಿಸಿದರು. ಮೂಸಿದರು. ಮತ್ತೊಮ್ಮೆ ಮೂಸಿದರು.

"ಎಲ್ಲಿದವ್ವಾ ಈ ಜ್ವಾಳ?"

"ನಮ್ಮೊಲದ್ದೇ ಮಾವ," ಎಂದೆ.

ಅವರು ಒಂದು ಕಾಳನ್ನು ಚೊಂಬಿನ ನೀರಿಗೆ ಅದ್ದಿ, ಹೆಗಲ ಮೇಲಿನ ಬಿಳಿ ಟವಲಿಗೆ ತಿಕ್ಕಿದರು. ಕಾಳಿನ ಮೊನೆ ತಾಗಿದ ಕಡೆ ಎಳೆಯ ಗುಲಾಬಿ ಬಣ್ಣದ ಗೆರೆ ಮೂಡಿತು. ಮೋಟಾರು ನಿಲ್ಲಿಸಿದರು. ಸಾಲಿನಲ್ಲಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು.

"ಇದ ನಾನು ಬೀಸಕ್ಕಿಲ್ಲ. ನಿನ್ನ ಇಂದೆ ಇನ್ನೊಬ್ರು ರಾಗಿ ಬೀಸ್ತರೆ. ಇದು ಕಲ್ಲಿಗೆ ಅಂಟ್ಕತದೆ."

"ಬ್ಯಾಡ ಬುಡಿ, ಚೀಲ ಕೊಡಿ."

"ಅದನ್ನೂ ಕೊಡಕ್ಕಿಲ್ಲ ಕಣವ್ವ. ಕೊಟ್ರೆ ನೀನು ಇನ್ನೊಂದು ಮಿಲ್ಲಿಗೆ ಓಯ್ತೀಯೆ."

ಚೀಲವನ್ನು ಎಳೆದೊಯ್ದು ಒಳಕೋಣೆಗೆ ಹಾಕಿ ಬೀಗ ಜಡಿದೇಬಿಟ್ಟರು. ನಾನು ಅವಮಾನದಿಂದ ಬರಿಗೈಯಲ್ಲಿ ಬಂದೆ. ಅತ್ತೆ ಹೋಗಿ ಮಿಲ್ಲಿನ ಮುಂದೆ ನಿಂತು ಬೈದರು, "ಒಂದೊಂದ್ ಇಡಿ ತಗತಿದ್ದೋನು ಈಗ ಮೂಟೆಗೇ ಕೈ ಆಕ್ದ!" ಅವರು ಮೋಟಾರು ಹಾಕಿ ಬೀಸುತ್ತಲೇ ಇದ್ದರಂತೆ.

ಮೂರನೆಯ ಬೆಳಗ್ಗೆ ನಾನು ತೊಟ್ಟಿಗೆ ನೀರು ತುಂಬುವಾಗ ಅವರು ಮೊಪೆಡ್ಡಿನ ಹಿಂದೆ ಹಸಿರು ಹಗ್ಗದ ನಮ್ಮ ಚೀಲವನ್ನೇ ಕಟ್ಟಿಕೊಂಡು ಹೋಗುವುದು ಕಂಡಿತು. ಕಾಡಂಚಿನಲ್ಲಿದ್ದ ತಮ್ಮ ಹೊಲದ ದಾರಿ ಹಿಡಿದಿದ್ದರು. ಆ ವರ್ಷ ಹಂದಿಗಳು ಅವರ ಬೆಳೆಯನ್ನು ಉತ್ತು ಹಾಕಿದ್ದವು. ನನಗೆ ತಕ್ಷಣ ಹೊಳೆದುಬಿಟ್ಟಿತು. ಹಂದಿಗೆ ವಿಷ ಇಡುತ್ತಾರೆ! ನಮ್ಮ ಜೋಳದಲ್ಲೇ! ಅದನ್ನು ನಿಜವಾಗಿ ನಂಬಿದ್ದೆನೋ, ನಂಬಲು ಆಸೆಪಟ್ಟಿದ್ದೆನೋ... ಈಗ ಹೇಳಲಾರೆ. ಬಸ್ ಸ್ಟಾಪಿನಲ್ಲಿ ಫಾರೆಸ್ಟ್ ಗಾರ್ಡ್ ಸಿಕ್ಕಾಗ ಹೇಳಿದೆ. "ನನ್ನೆಸ್ರು ಬ್ಯಾಡ ಸಾರ್," ಎಂದೂ ಹೇಳಿದೆ.

ಮಧ್ಯಾಹ್ನವೇ ಗಾರ್ಡ್ ಬಂದು ಮಾವನನ್ನು ಮಿಲ್ಲಿನಿಂದ ಎಬ್ಬಿಸಿ ಹೊಲಕ್ಕೆ ಕರೆದೊಯ್ದರು. ಹಿಂದೆ ಅರ್ಧ ಊರೇ ಹೋಯಿತು, ನಾನೂ ಹೋದೆ. ಬಾವಿಯಿಂದ ದೂರ, ಗಟ್ಟಿ ನೆಲದ ಮೂಲೆಯಲ್ಲಿ ಕಲ್ಲುಗಳನ್ನು ಹೇರಿದ್ದ ಗುಡ್ಡೆಯೊಂದಿತ್ತು. ಅಗೆಯಲು ಹೇಳಿದರು. ಆ ವಯಸ್ಸಾದ ಮನುಷ್ಯ ತಾವೇ ಮುಚ್ಚಿದ ಗುಂಡಿಯನ್ನು ಎಲ್ಲರ ಮುಂದೆ ಬಗೆದರು. ಎದೆಮಟ್ಟ ಇಳಿದ ಮೇಲೆ ಚೀಲ ಸಿಕ್ಕಿತು. ಒಂದು ಕಾಳೂ ಹೊರಗೆ ಚೆಲ್ಲಿರಲಿಲ್ಲ.

"ತಾಳವಾಡಿ ವೇಳಾಣ್ಮೈ ಆಫೀಸ್ಗೆ ಓಗಿ ಕೇಳ್ದೆ ಸಾರ್," ಎಂದರು ಗುಂಡಿಯೊಳಗಿಂದಲೇ, ಬೇಸಾಯದ ಆಫೀಸನ್ನು ನಮ್ಮ ಕಡೆಯವರು ಕರೆಯುವ ತಮಿಳು ಹೆಸರಿನಲ್ಲಿ. "ಬಾವಿ, ಅಳ್ಳದ ತಾವು ಬ್ಯಾಡ, ಆಳಕ್ಕೆ ಊಳು, ಅಂದಿ ಕೆದರ್ದೇ ಇರಂಗೆ ಕಲ್ಲು ಆಕು ಅಂದ್ರು."

ಗಾರ್ಡ್ ಗುಂಡಿ ಮತ್ತೆ ಮುಚ್ಚಲು ಹೇಳಿ ಹೊರಟುಹೋದರು. ಆದರೆ ಊರು ನೆನಪಿಟ್ಟುಕೊಂಡದ್ದು ಗಾರ್ಡ್ ಬಂದದ್ದನ್ನು, ಗುಂಡಿಯನ್ನಲ್ಲ. ಕೆಲವರು ಮಿಲ್ಲು ಬದಲಿಸಿದರು.

ನಾನು ಬದಲಿಸಲಿಲ್ಲ, ಬದಲಿಸಲು ಮುಖವಿರಲಿಲ್ಲ. ಒಂದು ದಿನ ನಾನೊಬ್ಬಳೇ ಇದ್ದಾಗ ಅವರು ನನ್ನ ರಾಗಿ ಚೀಲಕ್ಕೆ ಕೈ ಇಳಿಸುತ್ತ ತಾವಾಗಿಯೇ ಹೇಳಿದರು. "ಒಂದ್ಸಲ ನೋಡ್ದೆ ಬೀಸ್ಬುಟ್ಟಿದ್ದೆ ಕಣವ್ವ. ಯಾರೋ ಬಣ್ಣ ತೊಳ್ದು ತಂದಿದ್ರು. ಅದ್ರ ಇಂದೇಲೇ ಬೀಸಿದ್ದು ನಮ್ಮನೆ ಇಟ್ಟು. ನಮ್ಮವ್ಳು ವಾಂತಿ ಮಾಡ್ಕಂಡು ಬಿದ್ದೋದ್ಲು. ಚಾಮ್ರಾಜ್ನಗರದ ಆಸ್ಪತ್ರೇಲಿ ನಾಕು ದಿನ. ಉಳುದ್ಲು. ಆದ್ರೆ ಅವತ್ತಿಂದ ನನ್ ಮಿಲ್ಲಿನ ಇಟ್ಟ ಅವ್ಳು ಮುಟ್ಟಿಲ್ಲ. ಬೀಸೋಕಲ್ಲಲ್ಲೇ ಬೀಸ್ಕತಳೆ."

ಗಾರ್ಡ್‌ಗೆ ಹೇಳಿದ್ದು ನಾನೇ ಎಂದು ಹೇಳಿಬಿಡಲೇ ಎಂದು ಬಾಯಿವರೆಗೆ ಬಂತು. ಅಷ್ಟರಲ್ಲಿ ಅವರು ಮೋಟಾರಿನ ಗುಂಡಿ ಒತ್ತಿದರು... ಆ ಸದ್ದಿನಲ್ಲಿ ನನಗೆ ಒಂದು ನೆಪ ಸಿಕ್ಕಿತು.

ಹೋದ ವರ್ಷ ಅವರು ತೀರಿಕೊಂಡರು. ತಿಥಿಯ ದಿನ ಅವರ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದು ಕೇಳಿದರು, "ಗಾರ್ಡ್ಗೆ ಏಳಿದ್ದು ಯಾರು ಅಂತ ನಿಂಗೇನಾರ ಗೊತ್ತಾ ಮಗ?"

"ಇಲ್ಲ ಅತ್ತೆ."

"ಅವತ್ತು ಬೆಳಿಗ್ಗೆ ಆ ಚೀಲದ ಇಸ್ಯಕ್ಕೆ ನಾವಿಬ್ರೂ ಜಗಳ ಆಡಿದ್ದೋ. ಎಲ್ಲಿಗ್ ತಗೊಂಡೋಯ್ತಾವ್ರೆ ಅಂತ ನಂಗೊಬ್ಳಿಗೇ ಗೊತ್ತಿದ್ದುದ್ದು. ನಾನೇ ಏಳಿದ್ದು ಅಂತ್ಲೇ ಅವ್ರು ಅಂದ್ಕಂಡಿದ್ರು. ಬಾಯ್ಬುಟ್ಟು ಕೇಳ್ನಿಲ್ಲ. ನೋಡೋ ನೋಟ್ದಲ್ಲಿ ಇತ್ತು. ಸಾಯೋಗಂಟ ಇತ್ತು."

ಅಲ್ಲಿಯೂ ನಾನು ಎಲೆ ಎತ್ತುವ ನೆಪ ಹೇಳಿ ಒಳಗೆ ನಡೆದೆ.

ಮೊನ್ನೆ ಬಿತ್ತನೆ ಮುಗಿಯಿತು. ಉಳಿದ ಬೀಜವನ್ನು ಅದರದೇ ಪ್ಯಾಕೆಟ್ಟಿನಲ್ಲಿ ಮಡಚಿ, ಮಕ್ಕಳ ಕೈಗೆ, ಅಡಿಗೆಮನೆಗೆ ಎಟುಕದ ಕಡೆ ಬೀಗ ಹಾಕಿಟ್ಟೆ. ಬಟ್ಟೆ ಬೇರೆಯಾಗಿ ಒಗೆದು, ಸೋಪು ಹಚ್ಚಿ ಸ್ನಾನ ಮಾಡಿ, ನೇರ ಮಿಲ್ಲಿನ ಮಾವನ ಮನೆಗೆ ಹೋದೆ. ಅವರ ಹೆಂಡತಿ ಜಗಲಿಯ ಮೇಲೆ ಅವರೆಕಾಳು ಹಸನು ಮಾಡುತ್ತಿದ್ದರು. ನಿಂತುಕೊಂಡೇ ಹೇಳಿದೆ, "ಅತ್ತೆ, ಗಾರ್ಡ್ಗೆ ಏಳಿದ್ದು ನಾನು."

ಅವರ ಕೈ ಮೊರದ ಮೇಲೆ ನಿಂತಿತು. ಬೈಯುತ್ತಾರೆ ಎಂದು ಕಾದೆ. ಮೊರವನ್ನು ಪಕ್ಕಕ್ಕಿಟ್ಟು, "ನಂಗ್ಯಾಕವ್ವ ಏಳ್ತೀಯೆ," ಎಂದರು. "ನಾನಲ್ಲ ಅಂತ ನಂಗ್ ಗೊತ್ತಿತ್ತು. ಗೊತ್ತಾಗ್ಬೇಕಾಗಿದ್ದುದು ಅವ್ರಿಗೆ."

ಎದ್ದು ಒಳಗೆ ಹೋದರು. ಬಾಗಿಲು ಹಾಕಲಿಲ್ಲ, ಬಾ ಎನ್ನಲೂ ಇಲ್ಲ. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಮನೆಗೆ ಬಂದೆ.