ಕೆಂಪು ಬಟಾಟಿ ಮತ್ತು ಅವ್ವನ ಬೋಗುಣಿ

ಜೈನರ ಮನೆಯಲ್ಲಿ ಹುಟ್ಟಿ ಬಟಾಟಿಯ ಹೊಸ ತಳಿ ತೆಗೆಯಲು ಹೋದವನು ನಾನು. ಬಟಾಟಿ ನಮಗೆ ಕಂದಮೂಲ. ಒಂದು ಗಡ್ಡೆಯಲ್ಲಿ ಎಣಿಸಲಾರದಷ್ಟು ಜೀವಗಳಿವೆ ಎಂದು ನಂಬಿದವರು ನಾವು. ಬೆಳೆದು ಮಾರುವವರು ನಮ್ಮಲ್ಲೂ ಇದ್ದರು, ತಿನ್ನುವವರು ಇರಲಿಲ್ಲ. ನಾನು ಈ ಹುಚ್ಚಿಗೆ ಬಿದ್ದ ವರ್ಷ ಅವ್ವ ನನ್ನನ್ನು ಬಸದಿಗೆ ಕರೆದೊಯ್ದು ಎರಡು ನೇಮ ಮಾಡಿಸಿದಳು. ಬಟಾಟಿ ನನ್ನ ನಾಲಿಗೆಗೆ ತಾಗಬಾರದು, ನಮ್ಮ ಹೊಸ್ತಿಲು ದಾಟಬಾರದು.

"ಬೆಳೀ, ಬ್ಯಾಡ ಅನ್ನೂದಿಲ್ಲ," ಎಂದಿದ್ದಳು. "ಆದರ ನೀ ತಿಂದಿ ಅಂತ ನನ್ನ ಕಿವಿಗೆ ಬೀಳಬಾರದು ನೋಡ."

ನಮ್ಮ ಹೊಲ ಗಡಹಿಂಗ್ಲಜದಿಂದ ನೇಸರಿಗೆ ಹೋಗುವ ದಾರಿಯಲ್ಲಿತ್ತು, ಮನೆಯೂ ಹೊಲದಲ್ಲೇ. ಅಪ್ಪ ತೀರಿಕೊಂಡ ಮೇಲೆ ಅಲ್ಲಿದ್ದದ್ದು ಅವ್ವ ಮತ್ತು ನಾನು. ಆ ಕಡೆ ಬಟಾಟಿಯನ್ನು ಮಿರಗದ, ಅಂದರೆ ಮೃಗಶಿರಾ ಮಳೆಗೆ ಹಾಕುತ್ತಾರೆ. ತಂಪು ಹೆಚ್ಚಿದ ವರ್ಷ ಗಿಡ ಹೂಬಿಟ್ಟು, ಗೋಲಿಯಷ್ಟು ದಪ್ಪದ ಹಸಿರು ಕಾಯಿ ಕಟ್ಟುವುದುಂಟು. ಅಂಥ ಒಂದು ವರ್ಷ ನಾನು ಊರಿನ ಹಳೆಯ ಕೆಂಪು ತಳಿಯ ಪರಾಗವನ್ನು ಬಿಳಿ ತಳಿಯ ಹೂವಿಗೆ ಕೈಯಾರೆ ಮುಟ್ಟಿಸಿದೆ. ಕಾಯಿ ಕಿವುಚಿ ಬೀಜ ತೆಗೆದು, ಬದನೆ ಸಸಿ ಮಾಡುವ ಹಾಗೆ ಮಡಿಯಲ್ಲಿ ಸಸಿ ಎಬ್ಬಿಸಿದೆ. ಅಷ್ಟು ಸಸಿಗಳಲ್ಲಿ ನನಗೆ ಬೇಕಾದದ್ದು ಒಂದೇ ಒಂದು ಸಿಕ್ಕಿತು. ಕುಂಕುಮದ ಬಣ್ಣದ ಸಿಪ್ಪೆ, ಆಳವಿಲ್ಲದ ಕಣ್ಣು, ಪಕ್ಕದ ಸಾಲೆಲ್ಲ ರೋಗಕ್ಕೆ ಕಪ್ಪಾದರೂ ಬಾಡದ ಎಲೆ. ಆ ಒಂದು ಗಿಡದ ಗಡ್ಡೆಗಳನ್ನೇ ಮತ್ತೆ ಮತ್ತೆ ಊರಿ ಏಳು ವರ್ಷ ಕಾದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಜನ ನಕ್ಕರು. ನಗಲಿ ಬಿಡಿ ಎಂದು ಸುಮ್ಮನಿರುವ ಸ್ವಭಾವ ನನ್ನದಲ್ಲ, ನಕ್ಕವರ ಜೊತೆ ಮಾತು ಬಿಟ್ಟಿದ್ದೆ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದು, ಹಡಗಿನಲ್ಲಿ ಬರುತ್ತಿದ್ದ ಬಟಾಟಿಯ ಬೀಜದ ಗಡ್ಡೆ ನಿಂತುಹೋಯಿತು. ಕೊಲ್ಹಾಪುರದ ಬೇಸಾಯ ಖಾತೆಯ ಅಧಿಕಾರಿ, ನಮ್ಮೆಲ್ಲರ ಬಾಯಲ್ಲಿ ಶೇತ್ಕಿ ಸಾಹೇಬರು, ಊರುಗಳಲ್ಲೇ ಬೀಜ ಹುಡುಕುತ್ತಿದ್ದರು. ನನಗೂ ಕಾಗದ ಬರೆದರು. ತಳಿಯ ವರ್ಣನೆ ಬರೆದಿಡಿ, ಬಂದು ನೋಡುತ್ತೇನೆ, ಒಪ್ಪಿಗೆಯಾದರೆ ಬೀಜ ಒಯ್ದು ಹಳ್ಳಿಗಳಿಗೆ ಹಂಚುತ್ತೇನೆ ಎಂದಿತ್ತು. ಒಪ್ಪಿಗೆಯಾಗದಿದ್ದರೆ ಏಳು ವರ್ಷ ಮಣ್ಣುಪಾಲು. ಇನ್ನೊಮ್ಮೆ ಮೊದಲಿನಿಂದ ಶುರು ಮಾಡುವ ತ್ರಾಣ ನನ್ನಲ್ಲಿರಲಿಲ್ಲ.

ಎರಡು ಸಾಲು ಬೆಳೆ ಇತ್ತು. ಒಂದು ಸಾಲನ್ನು ಮೊದಲೇ ಅಗೆಸಿ, ಬಣ್ಣ ಚೆನ್ನಾಗಿ ನೋಡಿ ಬರೆಯಲೆಂದು ಗಡ್ಡೆಗಳನ್ನು ದನದ ಕೊಟ್ಟಿಗೆಯ ಬೆಳಕಿರುವ ಮಗ್ಗುಲಲ್ಲಿ ಹಲಗೆಯ ಮೇಲೆ ಹರಡಿದೆ. ಬೇರೆ ಜಾಗವೂ ಇರಲಿಲ್ಲ, ಮನೆಯೊಳಗೆ ಒಯ್ಯುವಂತಿರಲಿಲ್ಲವಲ್ಲ. ಗಿಡದ ಎತ್ತರ, ಹೂವಿನ ಬಣ್ಣ, ಮೊಳಕೆಯ ಬಣ್ಣ, ಸಿಪ್ಪೆ, ತಿರುಳು ಎಲ್ಲ ಬರೆದಾಯಿತು. ಹಾಳೆಯ ಕೊನೆಯ ಸಾಲು ಉಳಿಯಿತು: ರುಚಿ.

ಗಡ್ಡೆ ಅಗೆದ ದಿನವೇ, ಹೊಲಕ್ಕೆ ಬರುತ್ತಿದ್ದ ಕೆಲಸದಾಕೆಗೆ ನಾಲ್ಕು ಕೊಟ್ಟಿದ್ದೆ. ಮರುದಿನ ಬಂದು, "ಭಾಳ ಚಲೋ ಅದಾವ್ರಿ ಅಣ್ಣಾರ, ಬೆಲ್ಲಧಾಂಗ ಅದಾವು," ಎಂದಳು. ಆಕೆ ನನ್ನ ಮಾತಿಗೆ, ನನ್ನ ಎತ್ತಿಗೆ, ನನ್ನ ಹೊಸ ಟೋಪಿಗೆ ಕೂಡ ಹೀಗೇ ಹೇಳುತ್ತಿದ್ದಳು. ಹೊಗಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಅವಳ ಮಾತನ್ನು ಬರೆಯಲು ಕೈ ಬರಲಿಲ್ಲ.

ಸಾಹೇಬರು ಬರುವ ದಿನ ಹತ್ತಿರವಾಯಿತು. ನಾವು ಹತ್ತು ದಿನ ವ್ರತ ಹಿಡಿಯುವ ದಶಲಕ್ಷಣ ಪರ್ವದ ಒಂದು ಮಧ್ಯಾಹ್ನ ಅವ್ವ ಊರೊಳಗಿನ ಬಸದಿಗೆ ಹೋದಾಗ ಕೊಟ್ಟಿಗೆಯ ಹಿಂದೆ ಮೂರು ಕಲ್ಲು ಹೂಡಿ, ಹಲಗೆಯ ಮೇಲಿದ್ದ ಒಂದು ಗಡ್ಡೆಯನ್ನು ಮಣ್ಣಿನ ಗಡಿಗೆಯಲ್ಲಿ ಬೇಯಿಸಿ ತಿಂದೆ. ಪರ್ವದ ದಿನವೇ. ಕಹಿಯಾಗಿತ್ತು, ನುಂಗಿದ ಮೇಲೂ ಗಂಟಲಲ್ಲಿ ಉರಿ ನಿಂತಿತು. ಇದನ್ನೇ ಜನ ಇಷ್ಟಪಟ್ಟು ತಿನ್ನುತ್ತಾರೆಯೇ ಎಂದು ಆಶ್ಚರ್ಯವಾಯಿತು. ಆಮೇಲೆ, ಹಾಗಲಕಾಯಿಯನ್ನು ನಾವು ತಿನ್ನುವುದಿಲ್ಲವೇ, ರೂಢಿ ಇರಬೇಕು ಎಂದುಕೊಂಡೆ. ಗಡಿಗೆ ಒಡೆದು ಹಳ್ಳಕ್ಕೆ ಎಸೆದು ಬಂದು ಬರೆದೆ: "ರುಚಿ: ಬಟಾಟಿಗೆ ಸಹಜವಾದ ಕಹಿ."

ಆ ಮೇಲಿನ ದಿನಗಳಲ್ಲಿ ಅವ್ವ ಉಪ್ಪು ಕೇಳಿದರೂ ನಾನು ಬೆಚ್ಚುತ್ತಿದ್ದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಸಾಹೇಬರು ಮಧ್ಯಾಹ್ನದ ಮೊದಲೇ ಬಂದರು. ನಾಲ್ಕು ಗಂಟೆಯ ಸರ್ವಿಸ್ ಮೋಟಾರಿಗೆ ತಿರುಗಿ ಹೋಗಬೇಕು ಎಂದರು. ಅಂಗಳದಲ್ಲಿ ಕುಳಿತು ನನ್ನ ಹಾಳೆಯನ್ನು ಗಟ್ಟಿಯಾಗಿ ಓದತೊಡಗಿದರು. ಬಾಗಿಲ ಮರೆಯಲ್ಲಿ ಅವ್ವ ನಿಂತು ಕೇಳುತ್ತಿದ್ದಳು. ಕೆಲಸದಾಕೆ ಕಟ್ಟೆಯ ಹತ್ತಿರ ಕುಳಿತಿದ್ದಳು. ಹೂವು, ಸಿಪ್ಪೆ, ಕಣ್ಣು ಎಲ್ಲಕ್ಕೂ ತಲೆಯಾಡಿಸಿದ ಸಾಹೇಬರು ಕೊನೆಯ ಸಾಲಿಗೆ ಬಂದು ನಿಂತರು.

"ಸಹಜವಾದ ಕಹಿ ಅಂದರ ಏನ್ರಿ? ಯಾರು ತಿಂದು ನೋಡಿದ್ರು?"

ಕೆಲಸದಾಕೆ ನನ್ನ ಮುಖ ನೋಡಿದಳು. ಅವಳ ಹೆಸರು ಹೇಳಿದ್ದರೆ ಆಗುತ್ತಿತ್ತು. ಅವಳು ಹೌದ್ರಿ ಎಂದೇ ಅನ್ನುತ್ತಿದ್ದಳು. ಆದರೆ ಕಹಿ ಎಂದು ಅವಳು ಹೇಳಿರಲಿಲ್ಲ.

"ನಾನ ತಿಂದೇನ್ರಿ," ಎಂದೆ.

ಬಾಗಿಲ ಹಿಂದೆ ಅವ್ವನ ಜಪಮಣಿಯ ಸಪ್ಪಳ ನಿಂತಿತು. ನಾನು ಆ ಕಡೆ ತಿರುಗಲಿಲ್ಲ.

ಸಾಹೇಬರು ಎದ್ದು ಕೊಟ್ಟಿಗೆಗೆ ಹೋದರು. ಹಲಗೆಯ ಮೇಲಿನ ಒಂದು ಗಡ್ಡೆಯನ್ನು ಎತ್ತಿ ಉಗುರಿನಿಂದ ಕೆರೆದರು. ಕೆಂಪು ಸಿಪ್ಪೆಯ ಕೆಳಗೆ ಹಸಿರು ಕಂಡಿತು.

"ಬೆಳಕಿನ್ಯಾಗ ಇಟ್ಟೀರಿ. ಬೆಳಕಿಗೆ ಬಟಾಟಿ ಹಸಿರಾಗಿ ಕಹಿ ಆಗ್ತದ. ಬಿಳೇದಿದ್ರ ಕಾಣತಿತ್ತು, ಕೆಂಪ ಸಿಪ್ಪಿ ಮುಚ್ಚಿಬಿಟ್ಟದ. ತಿನ್ನೋ ಮನಿಯಾಗ ಸಣ್ಣ ಕೂಸಿಗೂ ಇದು ಗೊತ್ತಿರ್ತದರಿ."

ಏಳು ವರ್ಷವೂ ನಾನು ಗಡ್ಡೆಯನ್ನು ಹಾಗೇ ಇಡುತ್ತಿದ್ದೆ. ಬೀಜಕ್ಕೆ ಬೆಳಕಿನಿಂದ ತೊಂದರೆಯಿಲ್ಲ, ತೊಂದರೆ ತಿನ್ನುವವರಿಗೆ. ತಿನ್ನುವವರ ವಿಚಾರ ನನ್ನ ತಲೆಗೆ ಬಂದೇ ಇರಲಿಲ್ಲ. ನಾಚಿಕೆಯಿಂದ ನೆಲ ನೋಡುತ್ತ ನಿಂತೆ. ಅಗೆದ ದಿನವೇ ಒಯ್ದು ಬೇಯಿಸಿದ್ದ, ಹೊಗಳುತ್ತಾಳೆಂದು ನಾನು ತಳ್ಳಿಹಾಕಿದ ಹೆಂಗಸು ನಿಜವನ್ನೇ ಹೇಳಿದ್ದಳು.

"ಇನ್ನೊಂದು ಸಾಲು ನೆಲದಾಗ ಅದರಿ. ಈಗ ಅಗದು ಬೇಯಿಸಿದರ?" ಎಂದೆ.

"ಮೋಟಾರ ಬರೂದ್ರೊಳಗ ಆಗೂದಿದ್ರ ಬೇಯಿಸ್ರಿ. ರುಚಿ ನೋಡದ ನಾ ಸಹಿ ಹಾಕೂದಿಲ್ಲ."

ಕೆಲಸದಾಕೆ ಓಡಿಹೋಗಿ ಗಡ್ಡೆ ಅಗೆದು ತಂದಳು. ಬೇಯಿಸುವುದು ಯಾವುದರಲ್ಲಿ? ಗಡಿಗೆಯನ್ನು ಹಳ್ಳಕ್ಕೆ ಎಸೆದವನು ನಾನೇ. ಅವಳ ಮನೆ ಎರಡು ಮೈಲಿ ದೂರ. ಬಟಾಟಿ ಬೆಂದ ಪಾತ್ರೆ ಜೈನರ ಒಲೆಗೆ ಮತ್ತೆ ಏರುವುದಿಲ್ಲ. ಪಾತ್ರೆ ಕೊಡು ಎಂದು ಅವ್ವನನ್ನು ಕೇಳುವ ಮುಖ ನನಗಿರಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡರು.

ಆಗ ಅವ್ವ ಹೊರಗೆ ಬಂದಳು. ಕೈಯಲ್ಲಿ ಹಿತ್ತಾಳೆ ಬೋಗುಣಿ ಇತ್ತು, ಇಚಲಕರಂಜಿಯ ತವರಿನಿಂದ ಮದುವೆಯಲ್ಲಿ ತಂದದ್ದು. ಹಬ್ಬದ ಪಾಯಸ ಅದರಲ್ಲೇ ಆಗುತ್ತಿತ್ತು. ಅದನ್ನು ನನ್ನ ಕೈಗೆ ಕೊಡಲಿಲ್ಲ, ನನ್ನ ಮುಂದೆ ನೆಲದ ಮೇಲಿಟ್ಟಳು.

"ಇದನ್ನ ಮತ್ತ ಒಳಗ ತರಬ್ಯಾಡ," ಎಂದು ಒಳಗೆ ಹೋದಳು.

ಕೊಟ್ಟಿಗೆಯ ಹಿಂದೆ ಅವೇ ಮೂರು ಕಲ್ಲುಗಳ ಮೇಲೆ ಬೋಗುಣಿ ಇಟ್ಟೆವು. ಮಳೆಗೆ ನೆನೆದ ಕಟ್ಟಿಗೆ ಹೊಗೆಯಾಡಿತು. ಊದಿ ಊದಿ ನನ್ನ ಕಣ್ಣಲ್ಲಿ ನೀರು ಬಂತು, ಹೊಗೆಗಷ್ಟೇ ಬಂದದ್ದಲ್ಲ. ಕೊನೆಗೆ ಸಾಹೇಬರು ಒಂದು ಗಡ್ಡೆಯ ಸಿಪ್ಪೆ ಸುಲಿದು ಬಾಯಿಗೆ ಹಾಕಿಕೊಂಡರು. ಅಗಿದರು. ಇನ್ನೊಂದನ್ನು ತೆಗೆದುಕೊಂಡರು. ಆಮೇಲೆ ನನ್ನ ಹಾಳೆಯ ಕೊನೆಯ ಸಾಲನ್ನು ಹೊಡೆದುಹಾಕಿ, ಕೆಳಗೆ ತಮ್ಮ ಕೈಯಿಂದ ಬರೆದು, ಸಹಿ ಮಾಡಿದರು. ಹಾಳೆಯ ನಕಲಿನ ಮೇಲೂ ಹಾಗೆಯೇ ಬರೆದು ನನಗೆ ಕೊಟ್ಟು, ಬೀಜದ ಚೀಲದೊಂದಿಗೆ ಓಡುತ್ತಲೇ ಮೋಟಾರು ಹಿಡಿದರು.

ನನ್ನ ತಳಿ ಉಳಿಯಿತು. ಕುಣಿದಾಡಬೇಕಾದ ದಿನ. ಹೊತ್ತು ಮುಳುಗುವ ಮೊದಲು ಅವ್ವ ನನಗೊಬ್ಬನಿಗೇ ತಟ್ಟೆ ಹಾಕಿದಳು.

"ಅವ್ವಾ, ತಪ್ಪು ಮಾಡಿದಾವ ನಾನು. ನೀ ಯಾಕ ಉಪವಾಸ?"

"ತಿಂದಾವ ನೀ. ಗಡ್ಡಿ ಇಡಾಕ ಒಳಗ ಕತ್ತಲಿ ಕ್ವಾಣ್ಯಾಗ ಜಾಗಾ ಕೊಡದಾಕಿ ನಾ. ನೀ ಉಣ್ಣ, ನಾಳೆ ಉಳಿದ ಸಾಲ ಅಗೀಬೇಕು."

ಮೂರು ದಿನ ಆಕೆ ಬರೀ ನೀರಿನ ಮೇಲಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ಹೆಸರಬೇಳೆಯ ಕಟ್ಟು ಕುಡಿದು, ಗೋಡೆಗೆ ಒರಗಿ ಕುಳಿತು ಕೇಳಿದಳು.

"ಸಾಹೇಬ್ರು ಏನ ಬರದ್ರು?"

ನಾನು ನಕಲು ತಂದು ಓದಿದೆ: "ರುಚಿ: ಸಿಹಿ. ಬೆಂದರೆ ಹಿಟ್ಟಿನಂತೆ ಉದುರುತ್ತದೆ, ಬಾಯಲ್ಲಿ ಕರಗುತ್ತದೆ."

ಆ ರುಚಿ ಏನೆಂದು ಅವ್ವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಇಂದಿಗೂ ಇಲ್ಲ.

"ಇನ್ನೊಮ್ಮೆ ಓದ," ಎಂದಳು.

ನಾನು ಇನ್ನೊಮ್ಮೆ ಓದಿದೆ.